ಅಂಗಳದ ಮರಕ್ಕೆ ಬೆಲೆ ಕಟ್ಟುವುದು: ಯಾವ ಲೆಕ್ಕ ಯಾವ ಕೆಲಸಕ್ಕೆ?

ಮನೆಯ ಪಕ್ಕದಲ್ಲೊಂದು ಹಲಸಿನ ಮರ ಇದೆ ಎಂದಿಟ್ಟುಕೊಳ್ಳಿ. ಎದೆಮಟ್ಟದಲ್ಲಿ ಸುತ್ತಳತೆ 188 ಸೆಂ.ಮೀ., ಎತ್ತರ 14 ಮೀಟರ್, ವಯಸ್ಸು ನಲವತ್ತರ ಆಚೀಚೆ. ನೆರಳು ಬೀಳುವುದು ಎರಡು ಮನೆಗಳ ಮೇಲೆ, ಹಣ್ಣು ಬೀಳುವುದು ಮೂರನೇ ಮನೆಯ ಕಾರಿನ ಮೇಲೆ. ಇದರ ಬೆಲೆ ಎಷ್ಟು ಎಂದು ನಾಟಾ ವ್ಯಾಪಾರಿಯನ್ನು ಕೇಳಿದರೆ ಹದಿನೈದು ಸಾವಿರ ಎಂದಾನು. ಹಣ್ಣಿನ ಆದಾಯ ಹಿಡಿದು ಲೆಕ್ಕ ಹಾಕಿದರೆ ಇಪ್ಪತ್ನಾಲ್ಕು ಸಾವಿರ. ಮರ ಹಿಡಿದಿಟ್ಟ ಇಂಗಾಲಕ್ಕೆ ಬೆಲೆ ಕಟ್ಟಿದರೆ ಎರಡೂವರೆ ಸಾವಿರ. ಅಮೆರಿಕದವರ ಕಾಂಡ ಸೂತ್ರ 1.71 ಲಕ್ಷ ಎನ್ನುತ್ತದೆ. ಸುಪ್ರೀಂ ಕೋರ್ಟ್ ನೇಮಿಸಿದ್ದ ಸಮಿತಿಯ ಸೂತ್ರ ಹಾಕಿದರೆ ಸುಮಾರು ಮೂವತ್ತು ಲಕ್ಷ.

ಮರ ಒಂದೇ, ಕೇಳಿದ ಪ್ರಶ್ನೆಗಳು ಬೇರೆ. ನಾಟಾ ವ್ಯಾಪಾರಿ ಕಡಿದು ಮಲಗಿಸಿದ ಮರಕ್ಕೆ ಬೆಲೆ ಹೇಳುತ್ತಾನೆ, ಕಾಂಡ ಸೂತ್ರ ನಿಂತ ಮರಕ್ಕೆ ಹೇಳುತ್ತದೆ. ಹಣ್ಣಿನ ಲೆಕ್ಕ ಮಾಲೀಕನ ಜೇಬು ನೋಡಿದರೆ ಇಂಗಾಲದ ಲೆಕ್ಕ ಊರಿನ ಗಾಳಿಯನ್ನು ನೋಡುತ್ತದೆ. ತಪ್ಪಾಗುವುದು ಒಂದರ ಜಾಗಕ್ಕೆ ಇನ್ನೊಂದನ್ನು ತಂದಾಗ. ಬೇರು ಕತ್ತರಿಸಿದ ಗುತ್ತಿಗೆದಾರನ ಮುಂದೆ ಮೂವತ್ತು ಲಕ್ಷದ ಹಾಳೆ ಇಟ್ಟರೆ ಆತ ನಗುತ್ತಾನೆ, ಹದಿನೈದು ಸಾವಿರದ ಹಾಳೆ ಇಟ್ಟರೆ ಅಲ್ಲೇ ಎಣಿಸಿ ಕೊಟ್ಟು ಕೈತೊಳೆದುಕೊಳ್ಳುತ್ತಾನೆ.

ಮುಂದೆ ಬರುವ ಲೆಕ್ಕಗಳೆಲ್ಲ ಇದೇ ಹಲಸಿನ ಮರದ ಮೇಲೆ. ನರ್ಸರಿ ಬೆಲೆ, ನಾಟಾ ದರ, ಕೂಲಿ ಇವೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡ ಅಂಕಿಗಳು. ನಿಮ್ಮೂರಿನ ದರ ಹಾಕಿ ಮತ್ತೆ ಗುಣಿಸಿಕೊಳ್ಳಿ.

ಆಯ್ಕೆಗೆ ಮೊದಲು ಕೇಳಿಕೊಳ್ಳಬೇಕಾದ್ದು

ಮೊದಲನೆಯದು, ಹಾಳೆ ಯಾರ ಮುಂದೆ ಹೋಗುತ್ತದೆ? ಭೂಸ್ವಾಧೀನಾಧಿಕಾರಿಗೆ ಒಪ್ಪಿಗೆಯಾಗುವ ಲೆಕ್ಕ ಸಿವಿಲ್ ಕೋರ್ಟಿಗೆ ಸಾಲದು. ಅಪಾರ್ಟ್‌ಮೆಂಟ್ ಸಂಘದ ಸಭೆಗೆ ಇವೆರಡೂ ಅತಿಯಾದೀತು.

ಎರಡನೆಯದು, ಬೇರೊಬ್ಬರು ಅದೇ ಟೇಪು, ಅದೇ ದರ ಹಿಡಿದು ಮಾಡಿದರೆ ಅದೇ ಮೊತ್ತ ಬರುತ್ತದೆಯೇ? ಎದುರು ಪಕ್ಷದ ವಕೀಲರು ಮೊದಲು ಕೆದಕುವುದು ಇದನ್ನೇ.

ಮೂರನೆಯದು, ಸೂತ್ರಕ್ಕೆ ಬೇಕಾದ ದರ ನಮ್ಮಲ್ಲಿ ಸಿಗುತ್ತದೆಯೇ? ಲಂಡನ್ನಿನ ಪೌಂಡ್ ದರವನ್ನು ವಿನಿಮಯ ದರದಿಂದ ಗುಣಿಸಿ ರೂಪಾಯಿ ಮಾಡಿದರೆ ಅದು ಲೆಕ್ಕವಲ್ಲ. ಅಲ್ಲಿನ ನರ್ಸರಿ ಕೂಲಿಯೇ ಬೇರೆ, ಗಿಡ ಬೆಳೆಯುವ ವೇಗವೇ ಬೇರೆ.

ನಾಲ್ಕನೆಯದು ಮೌಲ್ಯಮಾಪನಕ್ಕೇ ಆಗುವ ಖರ್ಚು. ಐವತ್ತು ಸಾವಿರದ ಮರಕ್ಕೆ ಮೂವತ್ತು ಸಾವಿರದ ವರದಿ ಬರೆಸಿದರೆ ಗೆದ್ದೂ ಸೋತಂತೆ.

ಅಳತೆ ಕೆಟ್ಟರೆ ಎಲ್ಲವೂ ಕೆಟ್ಟಂತೆ

ಯಾವ ವಿಧಾನ ಹಿಡಿದರೂ ಆರಂಭ ಟೇಪಿನಿಂದಲೇ. ದರ್ಜಿಯ ಟೇಪು ಸಾಕು, ಆದರೆ ಹಳೆಯ ಬಟ್ಟೆ ಟೇಪು ಎಳೆದಷ್ಟೂ ಹಿಗ್ಗುತ್ತದೆ. ಫೈಬರ್ ಟೇಪು ಒಳ್ಳೆಯದು. ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ ಹಿಡಿಯಿರಿ. ಇಳಿಜಾರಿದ್ದರೆ ಮೇಲ್ಬದಿಯ ನೆಲದಿಂದ ಎಣಿಸಿ. ಆ ಎತ್ತರದಲ್ಲಿ ಗಂಟು, ಉಬ್ಬು, ಹಲಗೆಯಂತೆ ಚಾಚಿದ ಬೇರು ಇದ್ದರೆ ಅದು ಮುಗಿದ ಮೇಲೆ ಅಳೆದು, ಎಷ್ಟು ಎತ್ತರದಲ್ಲಿ ಅಳೆದಿರಿ ಎಂದು ಬರೆದಿಡಿ. ಬುಡದಲ್ಲೇ ಎರಡು ಮೂರು ಕಾಂಡಗಳಾಗಿ ಒಡೆದ ಮರದಲ್ಲಿ ಒಂದೊಂದರ ಅಡ್ಡಕೊಯ್ತದ ವಿಸ್ತೀರ್ಣ ಬೇರೆ ಬೇರೆ ಕಂಡು ಕೂಡಬೇಕು. ಸುತ್ತಳತೆಗಳನ್ನು ಕೂಡಿ ಒಂದೇ ಕಾಂಡ ಎಂದುಕೊಂಡರೆ ಮೊತ್ತ ದುಪ್ಪಟ್ಟೋ ಮೂರು ಪಟ್ಟೋ ಆಗುತ್ತದೆ.

188 ಸೆಂ.ಮೀ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ 60 ಸೆಂ.ಮೀ., ಅಡ್ಡಕೊಯ್ತದ ವಿಸ್ತೀರ್ಣ 2,827 ಚದರ ಸೆಂ.ಮೀ. ಟೇಪು ಸಡಿಲವಾಗಿ 198 ತೋರಿಸಿದರೆ ವಿಸ್ತೀರ್ಣ ಶೇ. 11ರಷ್ಟು ಏರುತ್ತದೆ, ಬೆಲೆಯೂ ಅಷ್ಟೇ. ಹಾಗಾಗಿ ಮೂರು ಸಲ ಅಳೆಯಿರಿ, ಟೇಪಿನ ಅಂಕಿ ಕಾಣುವಂತೆ ದಿನಾಂಕ ಸಮೇತ ಫೋಟೊ ತೆಗೆದಿಡಿ. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಮರ ಉರುಳಿದ ಮೇಲೆ ಈ ಹತ್ತು ನಿಮಿಷ ಸಿಗುವುದಿಲ್ಲ.

ನಾಟಾ ಲೆಕ್ಕ

ಇಲ್ಲಿನ ಮರದ ವ್ಯಾಪಾರದಲ್ಲಿ ನಡೆಯುವುದು ಕಾಲು ಸುತ್ತಳತೆ ಸೂತ್ರ. ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಅದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿದರೆ ಘನ ಅಡಿ ಸಿಗುತ್ತದೆ. ನಮ್ಮ ಹಲಸಿನಲ್ಲಿ ನೇರ ಕಾಂಡ 8 ಅಡಿ, ತೊಗಟೆ ಬಿಟ್ಟು ನಡು ಸುತ್ತಳತೆ 5.5 ಅಡಿ ಎಂದುಕೊಳ್ಳಿ. 1.375 × 1.375 × 8, ಅಂದರೆ 15.1 ಘನ ಅಡಿ. ಘನ ಅಡಿಗೆ ಸಾವಿರ ರೂಪಾಯಿ ಹಿಡಿದರೆ 15,100.

ಈ ಸೂತ್ರ ದಿಮ್ಮಿಯ ನಿಜವಾದ ಗಾತ್ರದ ಶೇ. 78.5ರಷ್ಟನ್ನು ಮಾತ್ರ ತೋರಿಸುತ್ತದೆ. ಉಳಿದದ್ದನ್ನು ಕೊಯ್ಯುವಾಗ ಹೋಗುವ ಸಿಪ್ಪೆ, ಅಂಚು ಎಂದು ಬಿಡುವುದು ವಾಡಿಕೆ. ಮಾರುವವರಿಗೆ ಇದು ಗೊತ್ತಿದ್ದರೆ ಚೌಕಾಸಿಗೆ ಅನುಕೂಲ.

ಕಾಡಿನಂಚಿನ ತೋಟದಲ್ಲಿ ಈ ಲೆಕ್ಕಕ್ಕೆ ಅರ್ಥವಿದೆ. ಊರೊಳಗಿನ ಅಂಗಳದಲ್ಲಿ ಇಲ್ಲ. ಎರಡು ಮನೆಗಳ ನಡುವಿನ ಮರವನ್ನು ಬುಡಕ್ಕೆ ಕೊಡಲಿ ಹಾಕಿ ಬೀಳಿಸಲಾಗದು. ಹತ್ತುವವರು ಮೇಲಿನಿಂದ ತುಂಡು ತುಂಡಾಗಿ ಕತ್ತರಿಸಿ ಹಗ್ಗದಲ್ಲಿ ಇಳಿಸಬೇಕು, ವಿದ್ಯುತ್ ತಂತಿಯ ಲೈನ್ ಆಫ್ ಮಾಡಿಸಬೇಕು, ಕೊಂಬೆಯ ರಾಶಿ ಸಾಗಿಸಬೇಕು. ಈ ಖರ್ಚು ನಾಟಾ ಬೆಲೆಯನ್ನು ನುಂಗಿ ಮೇಲೆ ಕೈಯಿಂದ ಹಾಕಿಸುವುದುಂಟು. ಜೊತೆಗೆ ಹಳೆಯ ಬೋರ್ಡಿನ ಮೊಳೆ, ಬಟ್ಟೆ ಒಣಹಾಕಲು ಕಟ್ಟಿ ಮರೆತ ತಂತಿ ಕಾಂಡದೊಳಗೆ ಸೇರಿರುತ್ತವೆ. ಗರಗಸದ ಮಿಲ್ಲಿನವರು ಅಂಗಳದ ಮರ ಎಂದ ಕೂಡಲೇ ದರ ಇಳಿಸುವುದು ಇದಕ್ಕೇ. ರೇನ್ ಟ್ರೀ, ಗುಲ್‌ಮೊಹರ್‌ಗಳಿಗಂತೂ ನಾಟಾ ಬೆಲೆ ಸೌದೆ ಬೆಲೆಗಿಂತ ಸ್ವಲ್ಪ ಮೇಲಷ್ಟೆ. ಅಂಥ ಮರವನ್ನು ನಾಟಾ ಲೆಕ್ಕದಲ್ಲಿ ಅಳೆಯುವುದೆಂದರೆ ವೀಣೆಯನ್ನು ಹಲಸಿನ ಹಲಗೆಯ ದರಕ್ಕೆ ಮಾರಿದಂತೆ.

ಇದನ್ನು ಬಳಸಬೇಕಾದ್ದು ಮರ ಹೇಗೂ ಹೋಗುತ್ತದೆ, ಉಳಿದದ್ದರಲ್ಲಿ ಎಷ್ಟು ಬರುತ್ತದೆ ಎಂದು ತಿಳಿಯಲು. ಬೇರೆ ವಿಧಾನದಲ್ಲಿ ಪರಿಹಾರ ಕೇಳಿ, ದಿಮ್ಮಿಯನ್ನೂ ನೀವೇ ಇಟ್ಟುಕೊಂಡರೆ, ಈ ಮೊತ್ತವನ್ನು ಆ ಪರಿಹಾರದಿಂದ ಕಳೆಯುವುದು ನ್ಯಾಯ.

ಫಸಲಿನ ಲೆಕ್ಕ

ತೆಂಗು, ಮಾವು, ಹಲಸು, ಹುಣಸೆಯಂಥ ಫಲ ಕೊಡುವ ಮರಗಳಿಗೆ ಸರ್ಕಾರಿ ಸ್ವಾಧೀನದಲ್ಲಿ ನಡೆಯುವುದು ಇದು. ವರ್ಷದ ನಿವ್ವಳ ಆದಾಯವನ್ನು ಇಂತಿಷ್ಟು ವರ್ಷದಿಂದ ಗುಣಿಸುತ್ತಾರೆ. ನಮ್ಮ ಮರದಲ್ಲಿ ಮಾರಾಟಕ್ಕೆ ಬರುವ ಕಾಯಿ 40, ಕಾಯಿಗೆ ನೂರು, ಕೀಳಿಸುವ ಕೂಲಿ, ಗೊಬ್ಬರ ಕಳೆದರೆ ಮೂರು ಸಾವಿರ ನಿವ್ವಳ. ಎಂಟರಿಂದ ಗುಣಿಸಿದರೆ 24,000.

ಎಂಟೇ ಯಾಕೆ? ಹಣ್ಣಿನ ಮರಗಳಿಗೆ ಎಂಟು ವರ್ಷದ ಗುಣಕ ಸೂಕ್ತ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹರಿಯಾಣದ ಒಂದು ಪ್ರಕರಣದಲ್ಲಿ ಹೇಳಿತ್ತು. 2002ರಲ್ಲಿ ಏರ್‌ಪೋರ್ಟ್ಸ್ ಅಥಾರಿಟಿಯ ಪ್ರಕರಣದಲ್ಲೂ ಹದಿನೆಂಟರ ಗುಣಕವನ್ನು ಒಪ್ಪದೆ ಎಂಟಕ್ಕೇ ನಿಂತಿತು. ಹಾಗಾಗಿ ಹದಿನೈದು, ಇಪ್ಪತ್ತು ವರ್ಷದ ಗುಣಕ ಹಾಕಿದ ಅರ್ಜಿ ನೋಡಲು ಚೆನ್ನ, ನಿಲ್ಲುವುದು ಕಷ್ಟ. ಇನ್ನೊಂದು ಎಡವಟ್ಟು ಇದೆ. ಜಮೀನಿನ ಬೆಲೆಯನ್ನೇ ಫಸಲಿನ ಆದಾಯದಿಂದ ಕಟ್ಟಿದ್ದರೆ ಅದೇ ಮರಗಳಿಗೆ ಮತ್ತೊಮ್ಮೆ ಬೇರೆ ಬೆಲೆ ಕೇಳುವಂತಿಲ್ಲ. ಒಂದೇ ಹಣ್ಣನ್ನು ಎರಡು ಸಲ ಮಾರಿದಂತಾಗುತ್ತದೆ.

2013ರ ಭೂಸ್ವಾಧೀನ ಕಾಯ್ದೆಯ 29ನೇ ಕಲಮಿನ ಪ್ರಕಾರ ಜಮೀನಿನ ಮೇಲಿನ ಮರಗಿಡಗಳ ಬೆಲೆ ನಿರ್ಧರಿಸಲು ಕೃಷಿ, ಅರಣ್ಯ, ತೋಟಗಾರಿಕೆಯ ಅನುಭವಿಗಳ ನೆರವು ಪಡೆಯಬಹುದು. 30ನೇ ಕಲಮಿನಂತೆ ಪರಿಹಾರದ ಮೇಲೆ ಶೇ. 100ರಷ್ಟು ಸೊಲೇಷಿಯಂ, ಅಂದರೆ ಬಲವಂತದ ಸ್ವಾಧೀನಕ್ಕೆ ಕೊಡುವ ಹೆಚ್ಚುವರಿ ಹಣ, ಸೇರುತ್ತದೆ. ಹಾಗಾಗಿ ಇಲ್ಲಿ ಒಂದೊಂದು ಸಾವಿರದ ವ್ಯತ್ಯಾಸವೂ ಕೊನೆಗೆ ಎರಡು ಸಾವಿರವಾಗುತ್ತದೆ. ಜಂಟಿ ಅಳತೆಯ ದಿನ ಮರದ ಸಂಖ್ಯೆ, ಜಾತಿ, ಸುತ್ತಳತೆ ಮಹಜರಿನಲ್ಲಿ ಸರಿಯಾಗಿ ಬಂದಿದೆಯೇ ಎಂದು ನೋಡದೆ ಸಹಿ ಹಾಕಬೇಡಿ. ‘ಇತರೆ ಮರಗಳು 6’ ಎಂದು ಬರೆದ ಸಾಲಿಗೆ ಆಮೇಲೆ ಜೀವ ಬರುವುದಿಲ್ಲ. ಮಾವಿನಂಥ ಮರ ಒಂದು ವರ್ಷ ಹೊತ್ತು ಮುಂದಿನ ವರ್ಷ ಕೈಕೊಡುವುದರಿಂದ ಕನಿಷ್ಠ ಮೂರು ವರ್ಷದ ಸರಾಸರಿ ಹಿಡಿಯಿರಿ. ಮಂಡಿಯ ಚೀಟಿ, ಗುತ್ತಿಗೆ ಕರಾರು ಇದ್ದರೆ ಜೋಡಿಸಿ.

ಕೊರತೆ ಕಣ್ಣಿಗೆ ಕಾಣುವಂಥದ್ದೇ. ಹೊಂಗೆ, ಆಕಾಶಮಲ್ಲಿಗೆ, ತಬೆಬೂಯ, ಅರಳಿ ಇವುಗಳಿಗೆ ಈ ಲೆಕ್ಕದಲ್ಲಿ ಬೆಲೆ ಸೊನ್ನೆಯ ಹತ್ತಿರ. ನೆರಳಿಗೆ ಮಂಡಿಯಿಲ್ಲ.

ಬದಲಿ ಮರದ ಲೆಕ್ಕ

ಹೋದ ಮರದ ಜಾಗದಲ್ಲಿ ಇನ್ನೊಂದನ್ನು ನಿಲ್ಲಿಸಲು ಎಷ್ಟಾಗುತ್ತದೆ? ಯಾರಿಗೂ ವಿವರಿಸಬೇಕಾಗಿಲ್ಲದ, ಬಿಲ್ಲು ತೋರಿಸಬಹುದಾದ ಲೆಕ್ಕ ಇದು. ದೊಡ್ಡ ಬ್ಯಾಗಿನಲ್ಲಿ ಬೆಳೆಸಿದ ಹತ್ತು ಹನ್ನೆರಡಡಿಯ ಗಿಡ 6,000, ಸಾಗಣೆ ಮತ್ತು ಇಳಿಸುವ ಖರ್ಚು 3,000, ಒಂದು ಘನ ಮೀಟರ್ ಗುಂಡಿ, ಮಣ್ಣು, ಗೊಬ್ಬರ 2,500, ಊರುಗೋಲು ಕಟ್ಟಿ ಮೂರು ಬೇಸಿಗೆ ನೀರುಣಿಸಿ ನೋಡಿಕೊಳ್ಳಲು 12,000. ಒಟ್ಟು 23,500. ಕೊನೆಯ ಬಾಬತ್ತನ್ನು ಬಿಟ್ಟುಬಿಡುವವರೇ ಹೆಚ್ಚು. ದೊಡ್ಡ ಗಿಡ ಸಾಯುವುದು ನೆಟ್ಟ ದಿನವಲ್ಲ, ಎರಡನೇ ಬೇಸಿಗೆಯಲ್ಲಿ.

ಚಿಕ್ಕ ಮರಕ್ಕೆ, ಅಂದರೆ ಸುತ್ತಳತೆ ಎರಡಡಿಯೊಳಗಿನದಕ್ಕೆ, ಇದಕ್ಕಿಂತ ಒಳ್ಳೆಯ ವಿಧಾನವಿಲ್ಲ. ಹೆಚ್ಚುಕಡಿಮೆ ಅದೇ ಗಾತ್ರದ್ದು ಮಾರುಕಟ್ಟೆಯಲ್ಲಿ ಸಿಗುತ್ತದೆ, ತಕರಾರಿಗೆ ಎಡೆಯಿಲ್ಲ. ದೊಡ್ಡ ಮರಕ್ಕೆ ಮಾತ್ರ ಇದು ಮೋಸ. ನಲವತ್ತು ವರ್ಷದ ಚಪ್ಪರದ ಜಾಗಕ್ಕೆ ಕೊಡೆಯಷ್ಟು ನೆರಳು ಬರುತ್ತದೆ. ಆ ಅಂತರ ತುಂಬಲು, ಹೊಸ ಗಿಡ ಒಂದು ಮಟ್ಟಕ್ಕೆ ಬರುವ ವರ್ಷಗಳಿಗೆ ಚಕ್ರಬಡ್ಡಿ ಸೇರಿಸುವ ಕ್ರಮವಿದೆ. 23,500ಕ್ಕೆ ಶೇ. 5ರಂತೆ ಹತ್ತು ವರ್ಷ ಕಟ್ಟಿದರೆ ಸುಮಾರು 38,300. ಬಡ್ಡಿ ದರ ಮತ್ತು ವರ್ಷ ಎರಡೂ ನಿಮ್ಮ ಆಯ್ಕೆ ಎಂಬುದೇ ಇದರ ಬಲಹೀನತೆ.

ಜಾತಿ ಬದಲಾಯಿಸುವುದಕ್ಕೂ ಅವಕಾಶ ಇದೆ. ಹಲಸಿನ ತಾಯಿಬೇರು ಕದಲಿಕೆ ಸಹಿಸುವುದಿಲ್ಲ, ದೊಡ್ಡ ಹಲಸನ್ನು ಕಿತ್ತು ನೆಡುವುದು ದುಡ್ಡು ಹೂತಂತೆ. ನೆರಳು ಮುಖ್ಯವಾದರೆ ಹೊಂಗೆಯನ್ನೋ ಮಹಾಗನಿಯನ್ನೋ ಬದಲಿಗೆ ಲೆಕ್ಕ ಹಾಕಬಹುದು. ಆಗ ‘ಇದೇ ಮರ ವಾಪಸ್’ ಅಲ್ಲ, ‘ಇದು ಮಾಡುತ್ತಿದ್ದ ಕೆಲಸ ವಾಪಸ್’ ಎಂದು ವರದಿಯಲ್ಲಿ ತಿಳಿಸಿ.

ಕಾಂಡ ಸೂತ್ರ

ದೊಡ್ಡ ಅಲಂಕಾರ ಮರಗಳ ನಷ್ಟಕ್ಕೆ ನಮ್ಮ ಶಿಫಾರಸು ಇದಕ್ಕೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಅಮೆರಿಕದ ಮರ ಮೌಲ್ಯಮಾಪಕರ ಮಂಡಳಿ ದಶಕಗಳಿಂದ ತಿದ್ದುತ್ತ ಬಂದಿರುವ ಕೈಪಿಡಿಯ ಮುಖ್ಯ ವಿಧಾನ ಇದು, ಈಗ ಅದರ ಹತ್ತನೇ ಆವೃತ್ತಿ ಚಾಲ್ತಿಯಲ್ಲಿದೆ. ಯುಕ್ತಿ ಸರಳ. ನಿಮ್ಮ ಮರದ ಗಾತ್ರದ್ದು ಯಾವ ನರ್ಸರಿಯಲ್ಲೂ ಸಿಗುವುದಿಲ್ಲ, ಆದರೆ ಅದೇ ಜಾತಿಯ ಚಿಕ್ಕದು ಸಿಗುತ್ತದೆ. ಆ ಚಿಕ್ಕದರ ಕಾಂಡಕ್ಕೆ ಚದರ ಸೆಂಟಿಮೀಟರಿಗೆ ಎಷ್ಟು ಬೀಳುತ್ತದೆ ಎಂದು ಕಂಡು, ದೊಡ್ಡದರ ವಿಸ್ತೀರ್ಣಕ್ಕೆ ಹಿಗ್ಗಿಸುವುದು. ಆಮೇಲೆ ಮರದ ಆರೋಗ್ಯ, ಜಾಗದ ತೊಡಕು ನೋಡಿ ಶೇಕಡಾವಾರು ಕಳೆಯುವುದು.

ಮೂರು ನರ್ಸರಿಗಳಿಗೆ ಹೋಗಿ, ಸಾಮಾನ್ಯವಾಗಿ ಸಿಗುವ ಅತಿ ದೊಡ್ಡ ಗಿಡದ ಸಗಟು ಬೆಲೆಯ ಕೊಟೇಶನ್ ತನ್ನಿ. ಮೂರರಲ್ಲಿ ನಡುವಿನದನ್ನು ಇಟ್ಟುಕೊಳ್ಳಿ. ನಮ್ಮ ನರ್ಸರಿಗಳು ಮಾರುವುದು ಎತ್ತರ ಮತ್ತು ಬ್ಯಾಗಿನ ಅಳತೆಯಲ್ಲಿ: ‘ಹತ್ತಡಿ, 21×21 ಬ್ಯಾಗ್’. ಸೂತ್ರಕ್ಕೆ ಬೇಕಾದ್ದು ಕಾಂಡದ ದಪ್ಪ. ಹಾಗಾಗಿ ನೀವೇ ಅಳೆಯಬೇಕು. ನಾಲ್ಕು ಇಂಚು ದಪ್ಪದವರೆಗಿನ ನರ್ಸರಿ ಗಿಡವನ್ನು ನೆಲದಿಂದ 6 ಇಂಚು ಮೇಲೆ ಅಳೆಯುತ್ತಾರೆ, ಅದಕ್ಕೂ ದಪ್ಪಗಿದ್ದರೆ 12 ಇಂಚು ಮೇಲೆ. ಎದೆಮಟ್ಟದಲ್ಲಲ್ಲ.

6,000 ರೂಪಾಯಿಯ ಗಿಡದ ವ್ಯಾಸ 8 ಸೆಂ.ಮೀ. ಇದ್ದರೆ ವಿಸ್ತೀರ್ಣ 50 ಚದರ ಸೆಂ.ಮೀ., ಒಂದಕ್ಕೆ 120 ರೂಪಾಯಿ. ಗುಣಿಸಿದಾಗ 2,827 × 120, ಅಂದರೆ 3,39,240. ಇದು ಮೂಲ ಬೆಲೆ, ಕುಂದಿಲ್ಲದ ಮರಕ್ಕೆ.

ಈಗ ಕಳೆಯುವ ಕೆಲಸ. ಮೊದಲು ಮರದ ಸ್ಥಿತಿ. ಬುಡದಲ್ಲಿ ಹಲಗೆಯಂಥ ಗಟ್ಟಿ ಅಣಬೆ ಎದ್ದಿದೆಯೇ, ಮರದ ಸುತ್ತಿಗೆಯಿಂದ ತಟ್ಟಿದರೆ ಡೊಳ್ಳು ಸದ್ದು ಬರುತ್ತದೆಯೇ, ಕಾಂಡಕ್ಕೆ ತಾಗಿ ಕಾಂಕ್ರೀಟ್ ಸುರಿದಿದ್ದಾರೆಯೇ, ಕೊಂಬೆಯ ತುದಿ ಒಣಗುತ್ತಿದೆಯೇ, ಬಂದಳಿಕೆ ಹತ್ತಿದೆಯೇ ನೋಡಿ. ನಮ್ಮ ಮರದ ಒಂದು ಬದಿಯನ್ನು ತಂತಿಗಾಗಿ ಬೋಳಿಸಿದ್ದಾರೆ, ಒಂದು ಹಳೆ ಪೊಟರೆ ಇದೆ. ಶೇ. 70 ಇಡೋಣ. ಎರಡನೆಯದು ಮರಕ್ಕೂ ಜಾಗಕ್ಕೂ ಇರುವ ಹೊಂದಾಣಿಕೆ: ಕಾಂಪೌಂಡಿನಿಂದ ನಾಲ್ಕೇ ಅಡಿ, ಮೇಲೆ ತಂತಿ, ಹೀಗಾಗಿ ಶೇ. 80. ಮೂರನೆಯದು ಮಾಲೀಕನ ಕೈಮೀರಿದ ಮಿತಿಗಳು. ರಸ್ತೆ ವಿಸ್ತರಣೆಯ ಗುರುತು ಬಿದ್ದಿದೆಯೇ, ಆ ಜಾತಿಗೆ ರೋಗ ಹಬ್ಬುತ್ತಿದೆಯೇ ಎಂಬುದು. ಶೇ. 90 ಎನ್ನೋಣ. ಮೂರನ್ನೂ ಗುಣಿಸಿದರೆ 0.504. ಬೆಲೆ ಸುಮಾರು 1,71,000.

ಎಲ್ಲಿ ಜಾರುತ್ತಾರೆ? ನರ್ಸರಿ ಗಿಡದ ವ್ಯಾಸವನ್ನು 8ರ ಬದಲು 7 ಎಂದು ಬರೆದುಕೊಂಡರೆ ಒಂದು ಚದರ ಸೆಂ.ಮೀ. ದರ 120ರಿಂದ 156ಕ್ಕೆ ಹಾರುತ್ತದೆ. ಒಂದೇ ಸೆಂಟಿಮೀಟರ್, ಶೇ. 30 ಏರಿಕೆ. ಗಿಡದ ಅಳತೆಯ ಫೋಟೊ ಇಲ್ಲದ ವರದಿಯನ್ನು ಎದುರಿನವರು ಇಲ್ಲೇ ಹರಿಯುತ್ತಾರೆ. ಎರಡನೇ ಜಾರು, ಒಂದೇ ದೋಷವನ್ನು ಎರಡು ಕಡೆ ಕಳೆಯುವುದು. ತಂತಿಗಾಗಿ ಬೋಳಿಸಿದ್ದನ್ನು ಸ್ಥಿತಿಯಲ್ಲಿ ಕಳೆದ ಮೇಲೆ ಜಾಗದ ಅಂಕದಲ್ಲಿ ಅದಕ್ಕೇ ಮತ್ತೆ ಕಳೆಯಬಾರದು. ನಮ್ಮ ಶೇ. 80ರಲ್ಲಿ ಎಣಿಸಿದ್ದು ಗೋಡೆಯ ಇಕ್ಕಟ್ಟು ಮತ್ತು ಮುಂದೆಯೂ ತಪ್ಪದ ತಂತಿಯ ಕಾಟ ಮಾತ್ರ. ಮೂರನೆಯದು ಹೆಮ್ಮರಗಳ ತೊಂದರೆ. ವಿಸ್ತೀರ್ಣ ವ್ಯಾಸದ ವರ್ಗದಂತೆ ಬೆಳೆಯುವುದರಿಂದ ಒಂದೂವರೆ ಮೀಟರ್ ವ್ಯಾಸದ ರೇನ್ ಟ್ರೀಗೆ ಇದೇ ದರದಲ್ಲಿ ಮೂಲ ಬೆಲೆ 21 ಲಕ್ಷ ದಾಟುತ್ತದೆ. ಆ ಕೈಪಿಡಿಯ ಒಂಬತ್ತನೇ ಆವೃತ್ತಿ 30 ಇಂಚಿಗಿಂತ ದಪ್ಪ ಮರಗಳಿಗೆ ವಿಸ್ತೀರ್ಣವನ್ನು ತಗ್ಗಿಸಿ ಹಿಡಿಯುತ್ತಿತ್ತು. ಅಂಥ ಮರಕ್ಕೆ ಇನ್ನೆಷ್ಟು ವರ್ಷ ಆಯುಸ್ಸು ಎಂಬುದನ್ನೂ ಸೇರಿಸುವುದು ವಿವೇಕ, ಅದಕ್ಕೆ ಮುಂದೆ ಹೇಳುವ ಕ್ಯಾವಟ್ ವಿಧಾನದ ಆಯುಸ್ಸಿನ ಮೆಟ್ಟಿಲು ಕೈಗೆ ಬರುತ್ತದೆ.

ಬ್ರಿಟನ್ನಿನ ಎರಡು ಲೆಕ್ಕ

ಕ್ರಿಸ್ಟೋಫರ್ ನೀಲನ್ ರೂಪಿಸಿದ ಕ್ಯಾವಟ್ ವಿಧಾನ ಸಾರ್ವಜನಿಕ ಮರಗಳಿಗಾಗಿ ಹುಟ್ಟಿದ್ದು. ಬುನಾದಿ ಕಾಂಡದ ವಿಸ್ತೀರ್ಣವೇ, ಆದರೆ ಸುತ್ತಮುತ್ತ ಎಷ್ಟು ಜನ ವಾಸಿಸುತ್ತಾರೆ, ಸಾರ್ವಜನಿಕರಿಗೆ ಮರ ಎಷ್ಟು ಕಾಣುತ್ತದೆ ಎಂಬುದನ್ನು ಬೆಲೆಗೆ ಸೇರಿಸುತ್ತದೆ. 2008ರಲ್ಲಿ ಲಂಡನ್ನಿನ ಬರ್ಕ್ಲಿ ಸ್ಕ್ವೇರಿನ ಪ್ಲೇನ್ ಎಂಬ ಜಾತಿಯ ಒಂದು ಮರಕ್ಕೆ ಏಳೂವರೆ ಲಕ್ಷ ಪೌಂಡ್ ಎಂದು ಬೆಲೆ ಬಂದದ್ದು ಇದರಿಂದಲೇ. ಅದರ ಮೂಲ ದರ ಬ್ರಿಟನ್ನಿನ ನರ್ಸರಿಗಳದ್ದು, ಇಲ್ಲಿಗೆ ಎತ್ತಿ ತರಲಾಗದು. ಆದರೆ ಅದರ ಆಯುಸ್ಸಿನ ಮೆಟ್ಟಿಲು ಎರವಲಿಗೆ ಯೋಗ್ಯ: 80 ವರ್ಷ ಮೀರಿ ಬದುಕುವ ಮರಕ್ಕೆ ಪೂರ್ತಿ, 40ರಿಂದ 80 ಇದ್ದರೆ ಶೇ. 95, 20ರಿಂದ 40ಕ್ಕೆ 80, 10ರಿಂದ 20ಕ್ಕೆ 55, 5ರಿಂದ 10ಕ್ಕೆ 30, ಐದರೊಳಗೆ 10. ಕಾಂಡ ಸೂತ್ರದ ಮೊತ್ತಕ್ಕೆ ಇದನ್ನು ಸೇರಿಸುವುದಾದರೆ ‘ಎರವಲು’ ಎಂದು ವರದಿಯಲ್ಲಿ ಹೇಳಿ.

ರಾಡ್ನಿ ಹೆಲಿವೆಲ್ 1960ರ ದಶಕದಲ್ಲಿ ರೂಪಿಸಿದ್ದು ಅಂದಕ್ಕೆ ಅಂಕ ಕೊಡುವ ವಿಧಾನ. ಗಾತ್ರ, ಆಯುಸ್ಸು, ನೋಟದಲ್ಲಿನ ಮಹತ್ವ ಮುಂತಾದವಕ್ಕೆ ಅಂಕ ಕೊಟ್ಟು ಎಲ್ಲವನ್ನೂ ಒಂದಕ್ಕೊಂದು ಗುಣಿಸುತ್ತಾರೆ. ಗುಣಾಕಾರವಾದ್ದರಿಂದ ಒಂದು ಸೊನ್ನೆ ಬಿದ್ದರೆ ಮೊತ್ತವೇ ಸೊನ್ನೆ. ಎರಡು ಮರಗಳಲ್ಲಿ ಯಾವುದನ್ನು ಉಳಿಸೋಣ ಎಂಬ ಚರ್ಚೆಗೆ ಇದು ಚೆನ್ನ, ರೂಪಾಯಿ ಕೇಳುವುದಕ್ಕೆ ಅಲ್ಲ.

ಪರಿಸರ ಸೇವೆಯ ಲೆಕ್ಕ

ಮರ ಉಳಿಸುವ ಹೋರಾಟಗಳಲ್ಲಿ ಹೆಚ್ಚು ಕೇಳಿಬರುವುದು ಇದು, ಅತಿ ಹೆಚ್ಚು ಎಡವುವುದೂ ಇಲ್ಲೇ. 1979ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರೊ. ಟಿ.ಎಂ. ದಾಸ್ ಐವತ್ತು ವರ್ಷ ಬದುಕುವ ಮರದ ಸೇವೆಗೆ 15.7 ಲಕ್ಷ ರೂಪಾಯಿ ಎಂದು ಅಂದಾಜಿಸಿದ್ದರು. 2021ರಲ್ಲಿ, ಬಂಗಾಳದ ರೈಲ್ವೆ ಮೇಲ್ಸೇತುವೆಗಳಿಗಾಗಿ ಮರ ಕಡಿಯುವ ಪ್ರಕರಣದಲ್ಲಿ, ಸುಪ್ರೀಂ ಕೋರ್ಟಿನ ತಜ್ಞ ಸಮಿತಿ ಒಂದು ಮರಕ್ಕೆ ವರ್ಷಕ್ಕೆ 74,500 ರೂಪಾಯಿ ಎಂದಿತು. ಅದರಲ್ಲಿ 45,000 ಆಮ್ಲಜನಕಕ್ಕೆ, 20,000 ಗೊಬ್ಬರಕ್ಕೆ. ನಮ್ಮ ನಲವತ್ತು ವರ್ಷದ ಹಲಸಿಗೆ ಗುಣಿಸಿದರೆ 29.8 ಲಕ್ಷ.

ಈ ಅಂಕಿಯನ್ನು ನೆಚ್ಚಿಕೊಳ್ಳುವ ಮೊದಲು ಎರಡು ಸಂಗತಿ. ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟಿದೆ, ಒಂದು ಮರ ಹೋದರೆ ಅದು ಕಡಿಮೆಯಾಗದು. ಕೊರತೆಯೇ ಇಲ್ಲದ ವಸ್ತುವಿಗೆ ಬೆಲೆ ಹಾಕಿದರೆ ತಿಳಿದವರು ಅಲ್ಲೇ ತಡೆಯುತ್ತಾರೆ. ಇನ್ನು ವಯಸ್ಸು. ತೇಗದಂಥ ಕೆಲವನ್ನು ಬಿಟ್ಟರೆ ನಮ್ಮ ಹವೆಯ ಹೆಚ್ಚಿನ ಮರಗಳಲ್ಲಿ ವರ್ಷಕ್ಕೊಂದು ಸ್ಪಷ್ಟ ಉಂಗುರ ಮೂಡುವುದಿಲ್ಲ. ‘ಅಜ್ಜನ ಕಾಲದ್ದು’ ಎಂಬುದು ಸಾಕ್ಷ್ಯವಾಗದು.

ಇಂಗಾಲದ ಲೆಕ್ಕ ಗಟ್ಟಿಯಾದದ್ದು, ಆದರೆ ಮೊತ್ತ ಚಿಕ್ಕದು. ಉಷ್ಣವಲಯದ ಮರಗಳಿಗೆ ಹೆಚ್ಚು ಬಳಸುವ ಸಮೀಕರಣ ಹೀಗಿದೆ: ಮರದ ಸಾಂದ್ರತೆ, ವ್ಯಾಸದ ವರ್ಗ, ಎತ್ತರ ಮೂರನ್ನೂ ಗುಣಿಸಿ, 0.976ರ ಘಾತಕ್ಕೆ ಏರಿಸಿ, 0.0673ರಿಂದ ಗುಣಿಸಬೇಕು. ಹಲಸಿಗೆ ಸಾಂದ್ರತೆ 0.55 ಹಿಡಿದರೆ ನೆಲದ ಮೇಲಿನ ಒಣ ತೂಕ ಸುಮಾರು 1,460 ಕಿಲೊ. ಬೇರಿಗೆ ಕಾಲುಭಾಗ ಸೇರಿಸಿ, 0.47ರಿಂದ ಗುಣಿಸಿದರೆ ಇಂಗಾಲ, ಅದನ್ನು 3.67ರಿಂದ ಗುಣಿಸಿದರೆ ಇಂಗಾಲದ ಡೈಆಕ್ಸೈಡ್ 3.1 ಟನ್. ಸಮೀಕರಣ ಕಾಡಿನ ಮರದ್ದು. ಬಯಲಲ್ಲಿ ಬೆಳೆದ ಮರಕ್ಕೆ 0.8ರಿಂದ ತಗ್ಗಿಸುವುದು ರೂಢಿ, ಹಾಗಾಗಿ ಎರಡೂವರೆ ಟನ್. ಟನ್ನಿಗೆ ಸಾವಿರ ರೂಪಾಯಿ ಇಟ್ಟರೆ 2,500. ಅಂಗಳದ ಮರದ ಬೆಲೆ ಇಂಗಾಲದಲ್ಲಿಲ್ಲ ಎಂದು ಇದರಿಂದಲೇ ಗೊತ್ತಾಗುತ್ತದೆ. ನೆರಳು, ತಂಪು, ಮಳೆನೀರಿನ ತಡೆ ಇವೇ ದೊಡ್ಡ ಬಾಬತ್ತುಗಳು, ಅವನ್ನು ಅಳೆಯುವುದು ಕಷ್ಟ. ಅಮೆರಿಕದ ಅರಣ್ಯ ಸೇವೆ 2006ರಿಂದ ಉಚಿತವಾಗಿ ಕೊಡುತ್ತಿರುವ ಐ-ಟ್ರೀ ತಂತ್ರಾಂಶ ಇವನ್ನೆಲ್ಲ ಕೂಡಿಸಿ ಕೊಡುತ್ತದೆ. ನೂರಾರು ಮರಗಳ ಕ್ಯಾಂಪಸ್ಸಿಗೆ, ಬಡಾವಣೆಗೆ ಅದು ಸರಿ. ಒಂದೇ ಮರದ ಜಗಳಕ್ಕೆ ಅದನ್ನು ತಂದರೆ ಅಲ್ಲಿ ಬಳಸಿದ ದರಗಳು ಎಲ್ಲಿಯವು ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು.

ಮನೆಯ ಬೆಲೆ ಎಷ್ಟು ಏರಿತು?

ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ರಸ್ತೆ ಬದಿ ಮರಗಳಿಂದ ಮನೆಯ ಮಾರಾಟ ಬೆಲೆ ಸರಾಸರಿ 8,870 ಡಾಲರ್ ಏರುತ್ತದೆ ಎಂದು ತೋರಿಸಿತು. 30×40 ಸೈಟಿನಲ್ಲಿ ಅಂಚಿನಿಂದ ಅಂಚಿಗೆ ಕಟ್ಟುವವರ ನಡುವೆ ಇದು ತಲೆಕೆಳಗಾಗಬಹುದು. ಕೊಳ್ಳುವವರು ಮನೆ ಕೆಡವಿ ಬಾಡಿಗೆ ಮಹಡಿ ಎಬ್ಬಿಸುವವರಾದರೆ ಮರ ಅವರಿಗೆ ಅನುಮತಿಯ ತಲೆನೋವು. ಮನೆ ಮಾರುವಾಗ ಮರಕ್ಕೆಂದು ಬೇರೆ ಅಂಕಿ ಹೇಳಬೇಡಿ. ಬಾಡಿಗೆಗೆ ಬರುವವರು, ಹಳೆ ಮನೆ ಉಳಿಸಿಕೊಳ್ಳುವವರು ತಾವಾಗಿಯೇ ಅದಕ್ಕೆ ಬೆಲೆ ಕೊಡುತ್ತಾರೆ.

ನಿಮ್ಮ ಸಂದರ್ಭಕ್ಕೆ ಯಾವುದು?

ರಸ್ತೆಗೆ, ಯೋಜನೆಗೆ ಜಮೀನು ಹೋಗುತ್ತಿದ್ದರೆ ಫಸಲು ಕೊಡುವ ಮರಗಳಿಗೆ ಫಸಲಿನ ಲೆಕ್ಕ, ತೇಗ, ಹೊನ್ನೆಯಂಥವಕ್ಕೆ ನಾಟಾ ಲೆಕ್ಕ, ಎರಡಕ್ಕೂ ಸೇರದ ನೆರಳಿನ ಮರಗಳಿಗೆ ಬದಲಿ ಮರದ ಲೆಕ್ಕ. ಕಾಂಡ ಸೂತ್ರದ ಹಾಳೆಯನ್ನು ಆಕ್ಷೇಪಣೆಯ ಜೊತೆ ಲಗತ್ತಿಸಬಹುದು, ಅದರ ಮೇಲೇ ನಿಂತುಕೊಳ್ಳಬೇಡಿ. ನಿವೃತ್ತ ತೋಟಗಾರಿಕೆ ಅಧಿಕಾರಿಯೊಬ್ಬರ ಸಹಿ ಇದ್ದರೆ ಹಾಳೆಗೆ ತೂಕ ಬರುತ್ತದೆ, ಖರ್ಚೂ ಮಿತ.

ಅಣ್ಣತಮ್ಮಂದಿರ ಪಾಲಿನಲ್ಲಿ ಮರಕ್ಕೆ ಬೆಲೆ ಬೇಕಾದಾಗ ಸರಳವಾದದ್ದೇ ಮೇಲು. ಮೂರು ವರ್ಷದ ಫಸಲಿನ ಸರಾಸರಿ, ಇಬ್ಬರು ವ್ಯಾಪಾರಿಗಳ ನಾಟಾ ದರ, ಇಷ್ಟಕ್ಕೆ ಎಲ್ಲರೂ ಒಪ್ಪುತ್ತಾರೆ. ಸೂತ್ರ ತಂದವನ ಮೇಲೆ ಅನುಮಾನ ಹುಟ್ಟುತ್ತದೆ.

ಅಪಾರ್ಟ್‌ಮೆಂಟ್ ಸಂಘದವರು ನಿರ್ವಹಣೆಗೆ ಹಣ ಎತ್ತಿಡಬೇಕಾದರೆ ಕಾಂಡ ಸೂತ್ರವನ್ನು ಎಲ್ಲ ಮರಗಳಿಗೂ ಒಂದೇ ದರದಲ್ಲಿ ಹಾಕಿ ಪಟ್ಟಿ ಮಾಡಿಕೊಳ್ಳಲಿ. ಇಬ್ಬರು, ಒಂದು ಟೇಪು, ಒಂದು ಭಾನುವಾರ ಸಾಕು. ಪಟ್ಟಿಯಲ್ಲಿ ಜಾತಿ, ಸುತ್ತಳತೆ, ಸ್ಥಿತಿ, ಫೋಟೊ ಇದ್ದರೆ ಮುಂದೆ ಗುತ್ತಿಗೆದಾರನೊಬ್ಬ ಕ್ರೇನ್ ತಗುಲಿಸಿದ ದಿನ ಮತ್ತೆ ಅಳೆಯಬೇಕಾಗಿಲ್ಲ.

ಅಕ್ರಮವಾಗಿ ಕಡಿದದ್ದರ ವಿರುದ್ಧ ಹೋರಾಡುವವರಿಗೆ ಒಂದು ಗಟ್ಟಿ ಆಧಾರವಿದೆ. ತಾಜ್ ಸಂರಕ್ಷಿತ ವಲಯದಲ್ಲಿ 454 ಮರ ಕಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಮರಕ್ಕೆ ಒಂದು ಲಕ್ಷದಂತೆ ದಂಡ ಎತ್ತಿಹಿಡಿಯಿತು. ಅದು ದಂಡ, ಮರದ ಮೌಲ್ಯವಲ್ಲ. ಆದರೂ ಕಾಂಡ ಸೂತ್ರದ ಪಕ್ಕದಲ್ಲಿ ಇಟ್ಟರೆ ನಿಮ್ಮ ಮೊತ್ತ ಅತಿರೇಕವಲ್ಲ ಎಂದು ತೋರುತ್ತದೆ. ಕರ್ನಾಟಕದಲ್ಲಿ 1976ರ ಮರಗಳ ಸಂರಕ್ಷಣಾ ಕಾಯ್ದೆಯ 8ನೇ ಕಲಮಿನಂತೆ, ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟು, ಸ್ವಂತ ಜಾಗದ ಮರ ಕಡಿಯಲೂ ಮರ ಅಧಿಕಾರಿಯ ಅನುಮತಿ ಬೇಕು. ರಸ್ತೆ ಬದಿಯ ಮರ ನಿಮ್ಮ ಮನೆ ಮುಂದಿದ್ದರೂ ಅದರ ಪರಿಹಾರ ಕೇಳುವ ಹಕ್ಕು ನಿಮ್ಮದಲ್ಲ. ದೂರು ಕೊಡುವ ಹಕ್ಕು ನಿಮ್ಮದು.

ಇನ್ನು ಪಕ್ಕದ ಸೈಟಿನ ಅಗೆತದಲ್ಲಿ ಬೇರು ತುಂಡಾದ ಪ್ರಕರಣ. ಇಲ್ಲಿ ಮರ ಸತ್ತಿಲ್ಲ, ಆದ್ದರಿಂದ ಪೂರ್ತಿ ಬೆಲೆ ಕೇಳಲಾಗದು. ಕಾಂಡ ಸೂತ್ರವನ್ನು ಎರಡು ಸಲ ಹಾಕಿ, ಹಾನಿಗೆ ಮುಂಚಿನ ಸ್ಥಿತಿಗೊಮ್ಮೆ, ಆಮೇಲಿನ ಸ್ಥಿತಿಗೊಮ್ಮೆ. ಸ್ಥಿತಿ ಶೇ. 70ರಿಂದ 40ಕ್ಕೆ ಇಳಿದರೆ ನಮ್ಮ ಹಲಸಿನ ಬೆಲೆ 1,71,000ದಿಂದ ಸುಮಾರು 97,700ಕ್ಕೆ ಇಳಿಯುತ್ತದೆ, ನಷ್ಟ 73,300. ಕಾಂಡದ ತೊಗಟೆ ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು ಸುಲಿದಿದ್ದರೆ ಮಾತ್ರ ಮರ ಪೂರ್ತಿ ಹೋಯಿತೆಂದೇ ಎಣಿಸಿ. ಬೇರಿನ ರಕ್ಷಣಾ ವಲಯ ಕಾಂಡದ ವ್ಯಾಸದ ಹನ್ನೆರಡು ಪಟ್ಟು, ಅಂದರೆ ಕಾಂಡದಿಂದ ಸುತ್ತಲೂ 7.2 ಮೀಟರ್. ಅಗೆತ ಅದರೊಳಗೆ ಎಷ್ಟು ಬಂದಿದೆ, ಕೈಹೆಬ್ಬೆರಳಿಗಿಂತ ದಪ್ಪ ಬೇರು ಎಷ್ಟು ತುಂಡಾಗಿವೆ ಎಂದು ಗುಂಡಿ ಮುಚ್ಚುವ ಮೊದಲು ಟೇಪಿಟ್ಟು ಫೋಟೊ ತೆಗೆಯಿರಿ. ಬೇರು ಕಳೆದುಕೊಂಡ ಮರ ಆ ವರ್ಷ ಹಸಿರಾಗಿಯೇ ಇರುತ್ತದೆ, ತುದಿ ಒಣಗುವುದು ಎರಡು ಮೂರು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಬೇಸ್‌ಮೆಂಟಿನ ಗೋಡೆ ಎದ್ದು, ಗುತ್ತಿಗೆದಾರ ಲೆಕ್ಕ ಚುಕ್ತಾ ಮಾಡಿ ಹೋಗಿರುತ್ತಾನೆ. ಹಾಗಾಗಿ ರಾಜಿ ಪತ್ರದಲ್ಲಿ ಈಗಿನ ಮೊತ್ತದ ಜೊತೆ ಮೂರು ವರ್ಷದೊಳಗೆ ಮರ ಸತ್ತರೆ ಉಳಿದ 97,700 ಮತ್ತು ಕಡಿಸುವ ಖರ್ಚು ಎಂಬ ಸಾಲನ್ನು ಬರೆಸಿಕೊಳ್ಳಿ.